ಬಣ್ಣದ ಕೋಣೆಯ ಒಳಚಿಲಕ

ಮಂಡ್ಯದ ನಮ್ಮ ಕಲಾವಿದರ ಸಂಘದ ರಂಗಮಂದಿರಕ್ಕೆ ಏನು ಕಡಿಮೆ? ಮುಂದೆ ದೊಡ್ಡ ಕಮಾನು, ಅಧ್ಯಕ್ಷರಿಗೆ ಏಸಿ ಕೋಣೆ, ಗೋಡೆ ತುಂಬ ಸನ್ಮಾನದ ಫೋಟೋ. ಹೆಂಗಸರು ಬಣ್ಣ ಹಚ್ಚಿಕೊಳ್ಳುವ ಕೋಣೆಗೆ ಮಾತ್ರ ಒಳಚಿಲಕವಿರಲಿಲ್ಲ.

ನಾನು ಪೌರಾಣಿಕ ನಾಟಕಗಳಲ್ಲಿ ರಾಣಿಯ ಪಾತ್ರ ಮಾಡುವವಳು. ಮದ್ದೂರು, ಮಳವಳ್ಳಿ ಕಡೆಯ ರೈತರು ರಾಜರ ವೇಷ ಕಟ್ಟುತ್ತಾರೆ, ಹೆಣ್ಣು ಪಾತ್ರಕ್ಕೆ ನಮ್ಮನ್ನು ಕರೆಸುತ್ತಾರೆ. ಇದೇ ನನ್ನ ಹೊಟ್ಟೆಪಾಡು. ನಾನು ಸೀರೆ ಬದಲಿಸುವಾಗ ಜೊತೆಯವಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಅವಳು ಬದಲಿಸುವಾಗ ನಾನು. ಆದರೂ ಟೀ ಕೊಡುವ ನೆಪ, ಫೋಟೋ ತೆಗೆಯುವ ನೆಪ ಮಾಡಿಕೊಂಡು ಬಾಗಿಲು ತಳ್ಳುವವರು ತಳ್ಳುತ್ತಲೇ ಇದ್ದರು. ಸಂಘದವರಿಗೆ ಎಷ್ಟು ಸಲ ಹೇಳಿದೆನೋ. ಸಭೆಯಲ್ಲಿಟ್ಟು ತೀರ್ಮಾನ ಮಾಡೋಣ ಎಂದರು. ಒಂದು ಚಿಲಕಕ್ಕೆ ಸಭೆ!

ಕಳೆದ ವರ್ಷ ಸಂಘದ ವಾರ್ಷಿಕೋತ್ಸವ. ಬೆಳಗ್ಗೆ ಹನ್ನೊಂದಕ್ಕೆ ನಾಟಕ, ಅದು ಮುಗಿದ ಮೇಲೆ ನನಗೆ ಸನ್ಮಾನ. ಮಳವಳ್ಳಿಯಿಂದ ಬರಬೇಕಿದ್ದ ಜೊತೆಯವಳ ಬಸ್ಸು ತಡವಾಯಿತು. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಸೀರೆ ಬಿಚ್ಚಿದ್ದೆ. ಕುರ್ಚಿ ಸಮೇತ ಬಾಗಿಲು ತಳ್ಳಿಕೊಂಡು ಸಂಘದ ಪದಾಧಿಕಾರಿಯೊಬ್ಬ ಒಳಗೆ ಬಂದ. ಸನ್ಮಾನಪತ್ರಕ್ಕೆ ನನ್ನ ವಿವರ ಬೇಕಂತೆ. ಕಣ್ಣು ಕೂಡ ತಗ್ಗಿಸಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಉಟ್ಟು ಬಂದ ಸೀರೆಯನ್ನೇ ಸುತ್ತಿಕೊಂಡು ಹೊರಗೆ ಬಂದೆ, ವೇದಿಕೆಯ ಪಕ್ಕ ಕೂತೆ. ಚಿಲಕ ಬರುವ ತನಕ ವೇಷ ಕಟ್ಟುವುದಿಲ್ಲ ಎಂದೆ. ಹಾರ್ಮೋನಿಯಂ ನಿಂತಿತು. ಅಧ್ಯಕ್ಷರು ಓಡಿಬಂದು, ಗಣ್ಯರು ಕಾಯುತ್ತಿದ್ದಾರೆ, ಸಂಘದ ಮರ್ಯಾದೆ ಹೋಗುತ್ತದೆ ಎಂದರು.

"ಸಂಘದ ಮರ್ವಾದೆ ಆಮೇಲೆ ನೋಡ್ಕಳಿ ಸ್ವಾಮಿ, ಮೊದ್ಲು ನಂದು ನೋಡಿ," ಎಂದೆ.

ಗದೆ ಹಿಡಿಯುವ ಪಾತ್ರದವನು ಆತಗೂರು ಕಡೆಯ ಬಡಗಿ. ಅವನು ಕಿರೀಟ ತೆಗೆದಿಟ್ಟ. ಬಣ್ಣ ಬಳಿದ ಮುಖದಲ್ಲೇ ಎದುರಿನ ಅಂಗಡಿಗೆ ಹೋಗಿ ಚಿಲಕ ತಂದ. ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ.

"ಇಷ್ಟೇಯ ಕಣಕ್ಕ. ಓಗು, ವೇಸ ಕಟ್ಕೊ," ಅಂದ.

ಇಷ್ಟೇ ಅನ್ನುವ ಆ ಮಾತಿಗೆ ಅವನೆದುರೇ ಅತ್ತುಬಿಟ್ಟೆ. ಇಷ್ಟಕ್ಕೇ ತಾನೆ ನಾನು ವರ್ಷಗಟ್ಟಲೆ ಬೇಡಿದ್ದು.

ಅವತ್ತಿನ ನಾಟಕದಲ್ಲಿ ತುಂಬಿದ ಸಭೆಯಲ್ಲಿ ರಾಣಿಯ ಸೀರೆ ಎಳೆಯುವ ದೃಶ್ಯ. ಮುಂದಿನ ಸಾಲಿನಲ್ಲಿ ಸಂಘದವರೆಲ್ಲ ಕಣ್ಣೊರೆಸಿಕೊಂಡರು, ಆ ಪದಾಧಿಕಾರಿಯೂ. ಅವನನ್ನೇ ನೋಡುತ್ತ ಹಾಡಿದೆ. ನಾಟಕ ಮುಗಿದು, ಸನ್ಮಾನಕ್ಕೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಾನು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಶಾಲು ಹಿಡಿದುಕೊಂಡು ಬಂದು ಬಾಗಿಲು ಬಡಿದರು. ತೆಗೆಯಲಿಲ್ಲ.