ಅಕ್ಕ ಲ್ಯಾಬಿಗೆ ಬಂದ ದಿನ

ಶನಿವಾರಸಂತೆಯಲ್ಲಿ ನಮ್ಮಕ್ಕನ ಹೊಲಿಗೆಗೆ ಹೆಸರಿತ್ತು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವಳೂ ಅವಳೇ. ಐವತ್ತು ತುಂಬುವ ಮೊದಲೇ ಅವಳ ಬಲಗೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸಲಾಗದೆ, "ಕಣ್ಣು ಮಂಜಾಗೈತೆ ಕಣೇ" ಎನ್ನುತ್ತಿದ್ದಳು. ಮೈಸೂರಿನ ಡಾಕ್ಟರು ಪಾರ್ಕಿನ್ಸನ್ ಎಂದರು.

ಆಗ ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಅದೇ ಕಾಯಿಲೆಯ ಬೆನ್ನು ಹತ್ತಿದ್ದೆ. ಕೈಕಾಲುಗಳನ್ನು ಹಿಡಿತದಲ್ಲಿಡುವ ಮಿದುಳಿನ ನರಕೋಶಗಳನ್ನು ಕೊಲ್ಲುವ ಒಂದು ವಿಷವಿದೆ. ಆಮ್ಲಜನಕ ತಾಗಿದರೆ ಅದು ಉತ್ಕರ್ಷಣಗೊಂಡು ಕೆಂಪಾಗುತ್ತದೆ. ಕೋಶಗಳನ್ನು ಕೆಡಿಸುವ ವಸ್ತುಗಳು ಹುಟ್ಟುವುದು ಆಗಲೇ. ಯಾವ ಪ್ರೋಟೀನ್ ಅದನ್ನು ತಡೆಯುತ್ತದೆ, ಯಾವುದು ಇನ್ನಷ್ಟು ಚುರುಕು ಮಾಡುತ್ತದೆ ಎಂದು ನೋಡುವುದು ನನ್ನ ಕೆಲಸ. ಅಕ್ಕನಿಗೆ ಹೇಳಿರಲಿಲ್ಲ. ಹೇಳಿದರೆ ಆಸೆ ಇಟ್ಟುಕೊಳ್ಳುತ್ತಾಳೆಂಬ ಅಂಜಿಕೆ.

ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅವಳೇ ಲ್ಯಾಬಿಗೆ ಬಂದಳು. ಮೇಜಿನ ಮೇಲೆ ಎರಡು ಟ್ಯೂಬುಗಳಿದ್ದವು. ಒಂದು ನೋಡನೋಡುತ್ತ ಕೆಂಪಾಯಿತು.

"ಇದೇನೇ?"

ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿದೆ.

"ನನ್ ತಲೇಲೂ ಇದು ಐತಾ?"

"ಇರಬೌದು ಅಕ್ಕ. ಸರಿಯಾಗಿ ಯಾರಿಗೂ ಗೊತ್ತಿಲ್ಲ."

"ಆ ಇನ್ನೊಂದು ಯಾಕೆ ಕೆಂಪಾಗ್ಲಿಲ್ಲ?"

"ಅದಕ್ಕೊಂದು ಪ್ರೋಟೀನ್ ಹಾಕಿದೀನಿ. ನಿಧಾನ ಮಾಡುತ್ತೆ."

"ನಿಲ್ಸಲ್ವಾ?"

"ಇಲ್ಲ."

ಅಕ್ಕ ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಸ್ಟೂಲಿನ ಮೇಲೆ ಕೂತಳು. ಎರಡನೆಯದೂ ಮೆಲ್ಲಗೆ ಬಣ್ಣಕ್ಕೆ ತಿರುಗುವವರೆಗೆ ಏಳಲಿಲ್ಲ. ಅಷ್ಟರಲ್ಲಿ ಬಸ್ಸು ಹೋಗಿತ್ತು. "ನಿಧಾನ ಆದ್ರೂ ಆಗ್ಲಿ ಬಿಡು" ಎಂದಳು. ಮುಖ ತೊಳೆಯುವ ನೆಪದಲ್ಲಿ ನಾನು ಹೊರಗೆ ಹೋದೆ.

ಎಷ್ಟು ಸಲ ಮಾಡಿ ನೋಡಿದರೂ ಆ ಪ್ರೋಟೀನು ವಿಷವನ್ನು ನಿಧಾನ ಮಾಡುತ್ತಲೇ ಇತ್ತು. ಆದರೆ ಗಾಜಿನೊಳಗೆ ಮಾತ್ರ. ಅಲ್ಲಿಂದ ಮನುಷ್ಯರ ಮಿದುಳಿಗೆ ಎಷ್ಟು ದೂರವೆಂದು ನನಗೆ ಗೊತ್ತಿತ್ತು. ಭಾವ ಮಾತ್ರ ಫೋನ್ ಮಾಡಿದಾಗಲೆಲ್ಲ, "ಔಷ್ದಿ ಆಯ್ತೇನವ್ವ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲ ಭಾವ" ಎನ್ನುತ್ತಿದ್ದೆ. "ಇಲ್ಲ" ಎನ್ನುವ ಧೈರ್ಯ ನನಗಿರಲಿಲ್ಲ.

ಕೊನೆಕೊನೆಗೆ ಅಕ್ಕನಿಗೆ ನುಂಗುವುದೂ ಕಷ್ಟವಾಯಿತು. ಗಂಜಿ ಶ್ವಾಸಕೋಶಕ್ಕಿಳಿದು ಜ್ವರ ಬಂತು. ನಾನು ರಜೆ ಹಾಕಿ ಹೋದೆ. ಕಾಫಿ ಹಣ್ಣು ಕುಯ್ಯುವ ಕಾಲ. ಬೆಳಿಗ್ಗೆ ಭಾವ ತೋಟದಲ್ಲಿದ್ದಾಗಲೇ ಅವಳ ಉಸಿರು ನಿಂತಿತು. ಹೇಳಲು ಓಡಿದೆ. ದಾರಿಯಲ್ಲಿ ನನ್ನನ್ನು ಕಂಡ ಭಾವ ಹೊತ್ತಿದ್ದ ಚೀಲ ಕೆಳಗಿಳಿಸಿದರು.

"ನೀರಾದ್ರೂ ಕುಡಿದ್ಲಾ?" ಎಂದು ಕೇಳಿದರು.

"ಎರಡು ಚಮಚ" ಎಂದೆ.