ಬ್ಲೇಸನ ಬೆನ್ನು

ನಮ್ಮ ಓಣಿಯ ಉರ್ಸೂಲಳ ಮಾತು ಕೇಳಿ ನಗದವರಿಲ್ಲ. ನೊಂದವರೂ ಇದ್ದಿರಬೇಕು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳ ಗಂಡ ಬ್ಲೇಸ್ ಸೇನ್ ನದಿಯ ದಂಡೆಯಲ್ಲಿ ದ್ರಾಕ್ಷಾರಸದ ಪೀಪಾಯಿ ಕಟ್ಟುವವನು. ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖವೆಲ್ಲ ಗುಳಿಬಿದ್ದಿತ್ತು. ಹೆಂಡತಿ ಅದನ್ನೇ ಹಿಡಿದು ಹಾಸ್ಯ ಮಾಡಿದರೂ ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ.

ಬೇಸಿಗೆಯ ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನಾವೊಂದಷ್ಟು ಜನ ದೋಣಿಯಲ್ಲಿ ಸೇಂ-ಕ್ಲೂ ಉದ್ಯಾನಕ್ಕೆ ಹೋದೆವು. ಮರದ ನೆರಳಿನಲ್ಲಿ ಬಟ್ಟೆ ಹಾಸಿ, ರೊಟ್ಟಿ, ಹಂದಿಮಾಂಸ, ಚೆರಿಹಣ್ಣು ಬಿಚ್ಚಿಟ್ಟುಕೊಂಡು ಕೂತಿದ್ದೆವು. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ದೂರದಲ್ಲಿ ಕೂತಿದ್ದ ಚಿತ್ರಗಾರನೊಬ್ಬ ಬಂದು, ಹೀಗೆಯೇ ಸ್ವಲ್ಪ ಹೊತ್ತು ಇದ್ದರೆ ಬರೆದುಕೊಳ್ಳುತ್ತೇನೆ ಎಂದ. ಕೈಯಲ್ಲಿ ಕೆಂಪು ಸೀಮೆಸುಣ್ಣ. ಉರ್ಸೂಲ್ ಟೋಪಿ ನೇರ ಮಾಡಿಕೊಂಡು, ಲಂಗ ಹರಡಿಕೊಂಡು ಗಂಡನತ್ತ ನೋಡಿದಳು.

"ನೀನು ಆ ಕಡೆ ತಿರುಗಿ ಕೂತ್ಕೋ ಮಾರಾಯ. ನಿನ್ ಗುಳಿ ಎಲ್ಲಾ ಬರೆಯೋಕ್ ಹೋದ್ರೆ ಪಾಪ, ಅವರ ಸುಣ್ಣ ಇಲ್ಲೇ ಮುಗಿದೋಗುತ್ತೆ."

"ಬೆನ್ನಿಗೆ ಅಷ್ಟು ಬಂದಿಲ್ಲ. ಅದನ್ನೇ ಬರ್ಕೊಳ್ಳಲಿ ಬಿಡು," ಎಂದು ಬ್ಲೇಸ್ ತಿರುಗಿ ಕೂತ.

ಎಲ್ಲರೂ ನಕ್ಕೆವು. ಬರೆದದ್ದು ನೋಡಬೇಕೆನಿಸಿದರೆ ಸೇತುವೆಯಾಚೆ ತನ್ನ ಮನೆಗೆ ಬನ್ನಿ ಎಂದು ಚಿತ್ರಗಾರ ಗುರುತು ಹೇಳಿದ. ವಾಪಸು ಬರುವಾಗ ಬ್ಲೇಸ್ ದೋಣಿಯ ತುದಿಯಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದ. ದಣಿದಿರಬೇಕು ಎಂದಳು ಉರ್ಸೂಲ್.

ಚಳಿಗಾಲದಲ್ಲಿ ಜ್ವರ ಬಂದು ಬ್ಲೇಸ್ ತೀರಿಕೊಂಡ. ವಸಂತ ಬರುವ ಹೊತ್ತಿಗೆ, ಕಣ್ಣು ಮುಚ್ಚಿದರೆ ಅವನ ಮುಖ ಸರಿಯಾಗಿ ನೆನಪಿಗೆ ಬರುತ್ತಿಲ್ಲ ಎಂದು ಉರ್ಸೂಲ್ ನನ್ನ ಹತ್ತಿರ ಅತ್ತಳು. ಇಬ್ಬರೂ ಚಿತ್ರಗಾರನ ಮನೆ ಹುಡುಕಿಕೊಂಡು ಹೋದೆವು. ಅವನು ಹಾಳೆ ತೆಗೆದು ಕಿಟಕಿಯ ಬಳಿ ಹಿಡಿದ. ನಾವೆಲ್ಲ ಇದ್ದೆವು. ಉರ್ಸೂಲ್ ನಗುತ್ತಿದ್ದಳು. ಪಕ್ಕದಲ್ಲಿ ಒಂದು ಅಗಲವಾದ ಬೆನ್ನು.

"ಸ್ವಾಮಿ, ಇವರನ್ನ ಒಂದ್ಸಲ ಈ ಕಡೆ ತಿರುಗಿಸೋಕಾಗುತ್ತಾ?" ಎಂದಳು.

ಅವನು ನಗಲಿಲ್ಲ. ಹೇಗಿದ್ದರೆಂದು ಹೇಳಿ, ಪ್ರಯತ್ನಿಸುತ್ತೇನೆ ಎಂದು ಬೇರೆ ಹಾಳೆ ತೆಗೆದುಕೊಂಡ. ಅವಳು ಮೂಗು ಹೇಳಿದಳು, ಹುಬ್ಬು ಹೇಳಿದಳು. ಅವನು ರೊಟ್ಟಿಯ ಒಳಗಿನ ಮೆತ್ತನೆ ತಿರುಳನ್ನು ಹಾಳೆಗೆ ಉಜ್ಜಿ ಅಳಿಸಿ ಅಳಿಸಿ ಬರೆದ. ಯಾರೋ ಚೆಲುವ ಗಂಡಸೊಬ್ಬ ಮೂಡಿದ. ಗುಳಿಗಳನ್ನು ಹಾಕಿದಾಗ ಯಾರೋ ರೋಗಿಯಂತೆ ಕಂಡ.

"ಸಾಕು ಬಿಡಿ. ಅವರು ಮುಖ ತೋರಿಸ್ಕೊಂಡೇ ಕೂತಿದ್ರು, ನಾನೇ ತಿರುಗಿಸ್ದೆ," ಎಂದಳು ಉರ್ಸೂಲ್.

ಮೂಲಚಿತ್ರವನ್ನು ಒಬ್ಬ ದೊಡ್ಡಮನುಷ್ಯರಿಗೆ ಕೊಡುವುದೆಂದು ಆಗಲೇ ಮಾತಾಗಿತ್ತು. ಚಿತ್ರಗಾರ ಒಂದು ಕಾಗದವನ್ನು ಒದ್ದೆ ಮಾಡಿ ಚಿತ್ರದ ಮೇಲೊತ್ತಿ, ಸುಣ್ಣದ ಅಚ್ಚು ಮೂಡಿದ ಮೇಲೆ ತೆಗೆದು ಅವಳಿಗೆ ಕೊಟ್ಟ. ಎಡದ್ದು ಬಲಕ್ಕೆ ಬಂದಿತ್ತು, ಬಣ್ಣ ತೆಳುವಾಗಿತ್ತು. ಅದನ್ನೇ ತಂದು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿದಳು.

ಅವಳು ಮತ್ತೆ ಮದುವೆಯಾಗಲಿಲ್ಲ. ಮೀನುಮಾರುವವಳೊಬ್ಬಳ ಜೊತೆ ಮನೆ ಹಂಚಿಕೊಂಡು ಹೊಲಿಗೆ ಮಾಡಿ ಬದುಕಿದಳು. ಓಣಿಯಲ್ಲಿ ಯಾರನ್ನಾದರೂ ಆಡಿಕೊಳ್ಳುವ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಚಿತ್ರದಲ್ಲಿ ಭುಜ ಒಂಚೂರು ವಾಲಿದ್ದು, ಅಂಗಿಯ ಕೊರಳಪಟ್ಟಿ ಮಡಿಚಿಕೊಂಡಿದ್ದು, ಎಲ್ಲಾ ಬ್ಲೇಸನದೇ ಎಂದು ನಾನು ಸಮಾಧಾನ ಹೇಳಿದರೆ ಹೌದು ಎನ್ನುತ್ತಿದ್ದಳು. ಗೋಡೆಯ ಕಡೆ ನೋಡುತ್ತಿರಲಿಲ್ಲ.