ಸಲಾಕೆಯ ಪಾಲು

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಮನೆಯವರು ಒಂದು ಬಣ್ಣದ ಹಾಳೆ ಅಚ್ಚು ಹಾಕಿಸಿದರು. ಒಂದು ಬದಿಗೆ ಟ್ರ್ಯಾಕ್ಟರಿನ ಕೂರಿಗೆ, ರಾಶಿ ಯಂತ್ರಗಳ ಚಿತ್ರ. ಇನ್ನೊಂದು ಬದಿಗೆ ನಮ್ಮ ಕಾರ್ಖಾನೆಯ ಇತಿಹಾಸ, ಮೂರೇ ಸಾಲು: ಬಸವಕಲ್ಯಾಣದಲ್ಲಿ ಅಜ್ಜ ಸ್ಥಾಪಿಸಿದ್ದು, ಮಕ್ಕಳು ಹುಮನಾಬಾದಕ್ಕೆ ವಿಸ್ತರಿಸಿದ್ದು, ಅಗಲವನ್ನು ಹೆಚ್ಚುಕಡಿಮೆ ಮಾಡಬಹುದಾದ ಎಡೆಕುಂಟೆಯನ್ನು ಈ ಭಾಗದಲ್ಲಿ ಮೊದಲು ತಯಾರಿಸಿದ್ದು. ಆ ಮೂರು ಸಾಲು ಬರೆದವಳು ನಾನೇ. ವಿಸ್ತರಣೆ ಎಂದು ಬರೆದದ್ದು ಒಂದು ಜಗಳವನ್ನು. ತಯಾರಿಕೆ ಎಂದು ಬರೆದದ್ದು ಯಾವುದನ್ನು ಎನ್ನುವುದು ಆ ಹಾಳೆಯಲ್ಲಿ ಹಿಡಿಯುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪ ಮತ್ತು ಕಾಕಾ ಬೇರೆಯಾದರು. ಕಾಕಾ ಅಪ್ಪನ ತಮ್ಮ. ಯಾಕೆ ಬೇರೆಯಾದರೆಂದು ಐದಾರು ಜನರನ್ನು ಕೇಳಿದ್ದೇನೆ, ಐದಾರು ಕಾರಣಗಳು ಸಿಕ್ಕಿವೆ, ಒಂದರಲ್ಲಿ ಹಪ್ಪಳವೂ ಬರುತ್ತದೆ. ಪಾಲಾದ ದಿನ ಜೋರು ಮಳೆ ಇತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಮಳೆ ಇರಲಿಲ್ಲ, ಅದು ಬೇಸಿಗೆ. ತಗಡಿನ ಶೆಡ್ಡಿನೊಳಗೆ ಯಾರೋ ಕಬ್ಬಿಣ ಬಡಿಯುತ್ತಿದ್ದ ಸದ್ದನ್ನು ನನ್ನ ತಲೆ ಮಳೆ ಮಾಡಿಕೊಂಡಿದೆ.

ಹಿರಿಯರು ನಾಲ್ಕು ಜನ ಕುಳಿತು ಪಾಲು ಮಾಡಿದರು. ಲೇತ್ ಒಬ್ಬರಿಗೆ, ಡ್ರಿಲ್ಲಿಂಗ್ ಮಷೀನು ಇನ್ನೊಬ್ಬರಿಗೆ. ಬಿತ್ತುವ ಕೂರಿಗೆ ಮಾಡುವ ಹಕ್ಕು ಅಪ್ಪನಿಗೆ, ಕಲ್ಯಾಣದಲ್ಲಿ. ಬೆಳೆ ಎದ್ದ ಮೇಲೆ ಸಾಲುಗಳ ನಡುವಿನ ಕಳೆ ತೆಗೆಯುವ ಎಡೆಕುಂಟೆ ಮಾಡುವ ಹಕ್ಕು ಕಾಕಾನಿಗೆ, ಹುಮನಾಬಾದದಲ್ಲಿ. ಆಮೇಲೆ ಉಸ್ತಾದರನ್ನೂ ಪಾಲು ಮಾಡಿದರು. ಉಸ್ತಾದರು ಅಜ್ಜನ ಕಾಲದಿಂದ ನಮ್ಮಲ್ಲಿದ್ದ ಮಿಸ್ತ್ರಿ. ಎರಡೂ ಸಾಮಾನು ಅವರ ಕೈಯಲ್ಲೇ ಆಗಬೇಕು. ಸೋಮವಾರದಿಂದ ಬುಧವಾರದವರೆಗೆ ಅವರು ಕಲ್ಯಾಣಕ್ಕೆ. ಗುರುವಾರ, ಶನಿವಾರ, ರವಿವಾರ ಹುಮನಾಬಾದಕ್ಕೆ. ಶುಕ್ರವಾರ ನಮಾಜಿನ ದಿನ, ಅದು ಅವರಿಗೇ ಉಳಿಯಿತು. ಪಾಲಿನ ಪಟ್ಟಿಯಲ್ಲಿ ಅವರ ಹೆಸರು ವೆಲ್ಡಿಂಗ್ ಸೆಟ್ಟಿಗೂ ಕೈಗಾಡಿಗೂ ನಡುವೆ ಇತ್ತು.

ಕೊನೆಗೆ ಉಳಿದದ್ದು ಅಜ್ಜನ ಸಲಾಕೆ. ಸುಮಾರು ಗಜದುದ್ದದ ಕಬ್ಬಿಣದ ಸಲಾಕೆ, ಒಂದು ತುದಿ ಸ್ವಲ್ಪ ಸವೆದಿತ್ತು. ಬೀಜ ಇಳಿಯುವ ನಾಲ್ಕು ತಾಳಿನ ಕೂರಿಗೆಯಲ್ಲಿ ಮೊದಲ ತಾಳಿನಿಂದ ಕೊನೆಯ ತಾಳಿನವರೆಗೆ ಅಷ್ಟೇ ಅಂತರ ಇರಬೇಕು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು.

"ಅದು ಬಿತ್ತೋ ಅಳತಿ, ನನಗ ಬೇಕು," ಅಂದ ಅಪ್ಪ.

"ಎಡಿ ಹೊಡಿಯೋ ಅಳತಿನೂ ಅದೇ ಅದ," ಅಂದ ಕಾಕಾ.

ಹಿರಿಯರಲ್ಲಿ ಒಬ್ಬರಿಗೆ ಮನೆಗೆ ಹೋಗುವ ಅವಸರವಿತ್ತು. "ಅಳತಿಗ್ಯಾಕ ಜಗಳಾಡ್ತೀರಿ? ಅರ್ಧ ಅರ್ಧ ತಗೋರಿ. ಬೇಕಾದಾಗ ಎರಡು ಸಲ ಇಟ್ಕೊಂಡ್ರ ಪೂರಾ ಆಗ್ತದ," ಅಂದರು.

ಇದು ಎಲ್ಲರಿಗೂ ನ್ಯಾಯವೆನಿಸಿತು. ಈಗ ನಡು ಎಲ್ಲಿದೆ ಎಂದು ನೋಡಬೇಕು. ಶೆಡ್ಡಿನಲ್ಲಿ ಟೇಪು ಇತ್ತು, ಆದರೆ ಅದು ಕಿಟಕಿ ಗ್ರಿಲ್ಲಿನ ಕೆಲಸಕ್ಕೆ. ಅಜ್ಜನ ಅಳತೆಯನ್ನು ಇನ್ನೊಂದು ಅಳತೆಯಿಂದ ಅಳೆಯುವುದು ಯಾರಿಗೂ ಸರಿ ಕಾಣಲಿಲ್ಲ. ಅದೇ ಹಿರಿಯರು ಸಲಾಕೆಯನ್ನು ತೋರುಬೆರಳ ಮೇಲಿಟ್ಟು ಆಚೆ ಈಚೆ ಸರಿಸಿ, ಅದು ವಾಲದೆ ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಉಸ್ತಾದರು ಅಲ್ಲೇ ಕೊಯ್ದರು. ಒಂದು ತುದಿ ಸವೆದು ಹಗುರಾಗಿದ್ದ ಸಲಾಕೆ ತೂಕದಲ್ಲಿ ಸಮ ಆಯಿತು, ಉದ್ದದಲ್ಲಿ ಆಗಲಿಲ್ಲ. ಗೆರೆ ನಡುವಿನಿಂದ ಒಂದು ಬೆರಳು ಸರಿದಿತ್ತು. ಅಂದರೆ ಅಪ್ಪನಿಗೆ ಬಂದ ಸವೆದ ತುದಿಯ ತುಂಡು ಕಾಕಾನದಕ್ಕಿಂತ ಎರಡು ಬೆರಳು ಉದ್ದ. ಎರಡೆರಡು ಸಲ ಇಟ್ಟು ಅಳೆದಾಗ ನಾಲ್ಕು ಬೆರಳು. ಈ ಲೆಕ್ಕವನ್ನು ನಾನು ಈಗ ಮಾಡುತ್ತಿದ್ದೇನೆ. ಆಗ ಯಾರೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಕೆಲವು ವರ್ಷ ಏನೂ ಆಗಲಿಲ್ಲ. ಊರೂರಲ್ಲಿ ಹಳೆಯ ಕಟ್ಟಿಗೆಯ ಕುಂಟೆಗಳಿದ್ದವು, ಅವು ಒಂದು ಸಲಕ್ಕೆ ಒಂದೇ ಸಂದಿನಲ್ಲಿ ಹೋಗುತ್ತಿದ್ದವು. ಆಮೇಲೆ ಕಾಕಾ ಒಂದೇ ಚೌಕಟ್ಟಿಗೆ ಮೂರು ಅಲಗು ಬೆಸೆದ ಕಬ್ಬಿಣದ ಕುಂಟೆ ತಂದ. ಮೂರು ಸಂದಿನ ಕೆಲಸ ಒಂದೇ ಸಲಕ್ಕೆ. ನಮ್ಮ ಕೂರಿಗೆಯಲ್ಲಿ ಬಿತ್ತಿ ಅವನ ಕುಂಟೆ ಹೊಡೆದವರ ಹೊಲದಲ್ಲಿ ಮಾತ್ರ ವಿಚಿತ್ರ ನಡೆಯತೊಡಗಿತು. ಎಡಗಡೆಯ ಸಾಲು ನೋಡಿ ಹೊಡೆದರೆ ಬಲಗಡೆಯ ಸಾಲು ಕಿತ್ತು ಬರುತ್ತಿತ್ತು. ಬಲಗಡೆಯದು ನೋಡಿದರೆ ಎಡಗಡೆಯದು. ಎತ್ತು ಸೊಟ್ಟ ನಡೆಯುತ್ತದೆ ಎಂದುಕೊಂಡು ಮುಡಬಿಯ ಕಡೆಯ ಒಬ್ಬರು ಎತ್ತನ್ನೇ ಬದಲಿಸಿದರು. ಹೊಸ ಎತ್ತೂ ಸೊಟ್ಟ ನಡೆಯಿತಂತೆ.

ಘಾಟಬೋರಾಳದ ಹೆಣ್ಣುಮಗಳೊಬ್ಬಳು ಎತ್ತನ್ನು ಬಯ್ಯಲಿಲ್ಲ. ಐವತ್ತರ ಆಸುಪಾಸಿನ ಆಕೆ ಒಂದು ಗುರುವಾರ ಮಧ್ಯಾಹ್ನ ಕಲ್ಯಾಣದ ನಮ್ಮ ಅಂಗಡಿಗೆ ಬಂದಳು. ಆಗ ನಾನು ಕಾಲೇಜು ಮುಗಿಸಿ ಅಂಗಡಿಯ ಪತ್ರ ಬರೆಯುವ ಕೆಲಸ ನೋಡಿಕೊಳ್ಳುತ್ತಿದ್ದೆ. ಆಕೆ ಸೆರಗಿನ ಗಂಟು ಬಿಚ್ಚಿ ಬೇರುಸಹಿತ ಕಿತ್ತ ಉದ್ದಿನ ಸಸಿಗಳನ್ನು ಅಪ್ಪನ ಮೇಜಿನ ಮೇಲೆ ಹರವಿದಳು.

"ಇವನ್ನ ಹೊಳ್ಳಿ ನೆಡ್ರಿ ಅಣ್ಣಾರ."

"ಕೂರಿಗಿ ನಮ್ದು ಸರಿ ಅದ ಅಕ್ಕಾರ. ಕುಂಟಿ ಯಾರದು?"

"ನಿಮ್ಮ ತಮ್ಮಂದು."

"ಹಂಗಾದ್ರ ಅಲ್ಲಿ ಹೋಗ್ರಿ."

"ಅಲ್ಲಿಂದನೇ ಬಂದೀನಿ. ಅವರು ಕೂರಿಗಿ ತಪ್ಪದ ಅಂದ್ರು. ನೀವು ಕುಂಟಿ ಅಂತೀರಿ. ನಾ ಏನು ಬಸ್ಸಿನಾಗ ಹುಟ್ಟೀನೇನ್ರಿ?"

ಆಕೆಯ ಕಷ್ಟ ಸರಳವಾಗಿತ್ತು. ಆರು ಎಕರೆ ಉದ್ದು ಗೇಣುದ್ದ ಎದ್ದಿದೆ, ಅದಕ್ಕಿಂತ ಎತ್ತರಕ್ಕೆ ಕಳೆ ಎದ್ದಿದೆ. ಮಳೆ ಬಿಟ್ಟು ಮೂರು ದಿನ. ನೆಲ ಹದಕ್ಕೆ ಬಂದಿದೆ. ಇನ್ನೆರಡು ದಿನದಲ್ಲಿ ಎಡೆ ಹೊಡೆಯದಿದ್ದರೆ ಮತ್ತೆ ಮಳೆ ಹಿಡಿಯುತ್ತದೆ, ಉದ್ದು ಕಳೆಯಲ್ಲಿ ಮುಚ್ಚಿಹೋಗುತ್ತದೆ. ಹೊಡೆದರೆ ಕಳೆಯ ಜೊತೆ ಉದ್ದೂ ಬರುತ್ತದೆ. ಊರಲ್ಲಿ ಎಲ್ಲರ ಹೊಲಕ್ಕೂ ಒಟ್ಟಿಗೇ ಹದ ಬಂದದ್ದರಿಂದ ಕೈಯಿಂದ ಕಳೆ ತೆಗೆಯಲು ಆಳು ಸಿಗುವುದಿಲ್ಲ.

"ನಾಳಿ ಇಬ್ರೂ ಹೊಲಕ್ಕ ಬರ್ರಿ," ಅಂದಳು. "ಬರಲಿಲ್ಲಂದ್ರ ಕೂರಿಗಿ, ಕುಂಟಿ ಎರಡೂ ಹುಮನಾಬಾದ ಬಸ್ ಸ್ಟ್ಯಾಂಡಿನಾಗ ಬಾಜೂಕ ಬಾಜೂಕ ಇಡ್ತೀನಿ. ಹೋಗೋ ಬರೋ ಮಂದಿ ಅಳದು ನೋಡ್ಲಿ. ಇದೇ ಮಾತು ನಿಮ್ಮ ತಮ್ಮಗೂ ಹೇಳಿ ಬಂದೀನಿ."

ಅಪ್ಪ ಸಸಿಗಳನ್ನು ನೋಡಿದ. ಅವು ಆಗಲೇ ಬಾಡುತ್ತಿದ್ದವು. "ಬರ್ತೀವಿ ತಗೋರಿ," ಅಂದ.

ಮರುದಿನ ಶುಕ್ರವಾರ. ಅಪ್ಪನ ಸ್ಕೂಟರಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಅರ್ಧ ಸಲಾಕೆ. ಕಾಕಾ ಮೋಟರ್‌ಸೈಕಲ್ ಮೇಲೆ ಬಂದಿದ್ದ, ಅವನ ಅರ್ಧ ರೇಷ್ಮೆ ಬಟ್ಟೆಯಲ್ಲಿತ್ತು. ಟವೆಲ್ಲು ಕಂಡು ಅವನು ನಕ್ಕಂತೆ ನನಗೆ ನೆನಪು. ನಗದೆಯೂ ಇರಬಹುದು. ಉಸ್ತಾದರು ಬಸ್ಸಿನಲ್ಲಿ ಬಂದು ಬದುವಿನ ಮೇಲೆ ತಮ್ಮ ಚೀಲ ಇಟ್ಟುಕೊಂಡು ಕುಳಿತಿದ್ದರು. ಆಕೆ ಅವರನ್ನೂ ಕರೆಸಿದ್ದಳು.

ಅಣ್ಣತಮ್ಮ ಮಾತು ಬಿಟ್ಟು ಆರೇಳು ವರ್ಷವಾಗಿತ್ತು. ಮೂರು ಮಾರು ದೂರ ನಿಂತು ನನ್ನ ಮೂಲಕ ಮಾತಾಡಿದರು.

"ನಿಮ್ಮ ಕಾಕಾಗ ಕೇಳು, ಅವನ ಕುಂಟಿ ಚಳಿಗೆ ಮುದುಡ್ಯಾದೇನಂತ."

"ನಿಮ್ಮಪ್ಪಗ ಹೇಳು, ಮುದುಡಾಕ ಅದು ಅವನ ಮನಸಲ್ಲ ಅಂತ."

ಎರಡೂ ಮಾತು ಎಲ್ಲರಿಗೂ ಕೇಳಿಸಿದ್ದರಿಂದ ನಾನು ಸುಮ್ಮನಿದ್ದೆ. ಅದಕ್ಕೆ ಇಬ್ಬರೂ ನನ್ನ ಮೇಲೆ ಸಿಟ್ಟಾದರು.

ಅಳತೆ ಶುರುವಾಯಿತು. ಅಪ್ಪ ಮೊಣಕಾಲೂರಿ ತನ್ನ ತುಂಡನ್ನು ಎರಡು ಸಲ ಇಟ್ಟ. ಮೊದಲ ಸಾಲಿನಿಂದ ನಾಲ್ಕನೆಯ ಸಾಲಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಾಕಾ ತನ್ನ ತುಂಡನ್ನು ಕುಂಟೆಯ ಮೇಲೆ ಎರಡು ಸಲ ಇಟ್ಟ. ಅಲ್ಲೂ ಇಲ್ಲ. ಕೂರಿಗೆ ಸರಿ, ಕುಂಟೆ ಸರಿ. ಉದ್ದು ಮಾತ್ರ ತಪ್ಪು ಎಂದಾಯಿತು.

"ಎರಡೂ ತುಂಡು ಜೋಡಿಸಿ ಇಡ್ರಿ," ಅಂದಳು ಆಕೆ.

ಇಬ್ಬರೂ ತಮ್ಮ ತಮ್ಮ ತುಂಡನ್ನು ಇನ್ನೊಬ್ಬರ ಕೈಗೆ ಕೊಡಲು ಒಪ್ಪಲಿಲ್ಲ. ಕೊನೆಗೆ ಆಕೆಯೇ ಎರಡನ್ನೂ ಕಸಿದುಕೊಂಡು ಸಾಲಿಗೆ ಅಡ್ಡಲಾಗಿ ತುದಿಗೆ ತುದಿ ಹಚ್ಚಿ ಇಟ್ಟಳು. ಕೂರಿಗೆ ಬಿತ್ತಿದ ಸಾಲುಗಳಿಗೆ ಎರಡು ಬೆರಳು ಕಡಿಮೆ. ಕುಂಟೆಯ ಮೇಲಿಟ್ಟರೆ ಎರಡು ಬೆರಳು ಜಾಸ್ತಿ. ಅಜ್ಜನ ಇಡಿಯ ಅಳತೆ ಇಬ್ಬರಿಗೂ ಹೊಂದಲಿಲ್ಲ.

ಎಲ್ಲರೂ ಉಸ್ತಾದರ ಕಡೆ ತಿರುಗಿದರು. ಆರೇಳು ವರ್ಷ ಎರಡೂ ಕಡೆ ಕೆಲಸ ಮಾಡಿದವರು ಅವರೊಬ್ಬರೇ.

"ಉಸ್ತಾದ್, ನಿಮಗ ಗೊತ್ತಿತ್ತೇನು?" ಅಪ್ಪ ಕೇಳಿದ.

"ಗೊತ್ತಿತ್ರಿ."

"ಮತ್ತ ಹೇಳಲಿಲ್ಲ?"

"ಯಾರು ಕೇಳಿದ್ರಿ? ಬುಧವಾರತನಕ ನಿಮ್ಮ ಸಲಾಕಿ, ಗುರುವಾರದಿಂದ ಅವರ ಸಲಾಕಿ. ಒಬ್ಬರ ಅಂಗಡಿ ಮಾತು ಇನ್ನೊಬ್ಬರ ಅಂಗಡ್ಯಾಗ ಹೇಳೋದು ನನ್ನ ಚಾಲ್ ಅಲ್ರಿ. ಇವತ್ತ ಶುಕ್ರವಾರ ಅದ, ಅದಕ್ಕ ಹೇಳಾಕತ್ತೇನಿ."

ಆಮೇಲೆ ಇನ್ನೊಂದು ಮಾತು ಸೇರಿಸಿದರು. ಅಜ್ಜ ಆ ಸಲಾಕೆಯಿಂದ ಯಾವತ್ತೂ ಕೂರಿಗೆ ಅಳೆದವರಲ್ಲವಂತೆ. ಕುಲುಮೆಯ ಬೆಂಕಿ ಕೆದಕಲು ಇಟ್ಟುಕೊಂಡಿದ್ದರಂತೆ, ಅದಕ್ಕೇ ಒಂದು ತುದಿ ಸವೆದದ್ದು. ಗಿರಾಕಿ ತನ್ನ ಕುಂಟೆ ಹೊತ್ತು ತರುತ್ತಿದ್ದ, ಅದನ್ನು ನೋಡಿ ಅಜ್ಜ ಅವನಿಗೆ ತಕ್ಕ ಕೂರಿಗೆ ಮಾಡಿಕೊಡುತ್ತಿದ್ದರು.

ಅಪ್ಪನೂ ಕಾಕಾನೂ ಒಂದೇ ಸಲಕ್ಕೆ "ಸುಳ್ಳು" ಅಂದರು. ಪಾಲಾದ ಮೇಲೆ ಅವರಿಬ್ಬರಿಗೆ ಒಮ್ಮತವಾದ ಮೊದಲ ವಿಷಯ ಅದು. ಉಸ್ತಾದರು ನಿಜ ಹೇಳಿದರೋ, ಜುಮ್ಮಾ ನಮಾಜಿಗೆ ಹೊತ್ತಾಗುತ್ತದೆ ಎಂದು ಚರ್ಚೆ ಮುಗಿಸಲು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಒಮ್ಮೆ ನನಗೆ ಆ ಸಲಾಕೆ ಹೈದರಾಬಾದಿನಿಂದ ತಂದ ಅಳತೆಕೋಲು ಎಂದೂ ಹೇಳಿದ್ದರು.

"ಬೆಂಕಿ ಕೆದರೋದಿರಲಿ, ಒಲಿ ಊದೋದಿರಲಿ," ಅಂದಳು ಆಕೆ. ಮೂಡಣಕ್ಕೆ ಮೋಡ ಕಟ್ಟುತ್ತಿದ್ದುದನ್ನು ಆಕೆ ಒಬ್ಬಳೇ ನೋಡುತ್ತಿದ್ದಳು. "ನನ್ನ ಸಾಲು ಸರಿಯಂಗಿಲ್ಲ, ಅದು ಬೇರು ಬಿಟ್ಟದ. ಕಬ್ಬಿಣ ಸರಸ್ರಿ."

ಕಬ್ಬಿಣ ಸರಿಸುವುದೆಂದರೆ ಕುಂಟೆ ತಿದ್ದುವುದು. ಕುಂಟೆ ತಿದ್ದಿದರೆ ತಪ್ಪು ಕಾಕಾನದು ಎಂದಾಗುತ್ತದೆ. ಕಾಕಾ ಕುಂಟೆಯ ಮೇಲೆ ಕುಳಿತುಬಿಟ್ಟ. ಹೊಲ ಅಪ್ಪನ ಅಳತೆಯಲ್ಲಿ ಬಿತ್ತಿದ್ದಾಗಿದೆ, ಅದನ್ನು ತಿದ್ದಲು ಬರುವುದಿಲ್ಲ ಎಂದು ನಾನು ಹೇಳಿದೆ. "ನೀ ಯಾರ ಕಡೆ?" ಎಂದ ಕಾಕಾ. ಉಸ್ತಾದರು ಅವನನ್ನು ಏಳಿಸದೆಯೇ ಎರಡು ಬದಿಯ ಅಲಗುಗಳ ಬೆಸುಗೆಯನ್ನು ಚಾಣದಿಂದ ಹೊಡೆದು ಬಿಡಿಸಿದರು. ನಡುವಿನ ಅಲಗಿನ ಮೇಲೆ ಕಾಕಾ ಹಾಗೇ ಕುಳಿತಿದ್ದ.

ಹೊಲದಲ್ಲಿ ಕರೆಂಟು ಇರಲಿಲ್ಲ, ಮತ್ತೆ ಬೆಸೆಯಲು ಆಗುವುದಿಲ್ಲ. ಬಿಗಿಯಲು ಎರಡು ಕ್ಲ್ಯಾಂಪು ಬೇಕಿತ್ತು. ಉಸ್ತಾದರು ಸುತ್ತ ಕಣ್ಣಾಡಿಸಿ ಕಾಕಾನ ಮೋಟರ್‌ಸೈಕಲ್ಲಿನ ಹಿಂದಿನ ಕ್ಯಾರಿಯರಿನ ಹತ್ತಿರ ಹೋದರು.

"ಎರಡೂ ನನ್ನ ಗಾಡೀದೇ ಯಾಕ?" ಕಾಕಾ ಎದ್ದು ಬಂದ. "ಅವನದು ಒಂದು, ನನ್ನದು ಒಂದು."

ಹೀಗೆ ಸ್ಕೂಟರಿನ ಕ್ಯಾರಿಯರಿನಿಂದ ಒಂದು ಕ್ಲ್ಯಾಂಪು, ಮೋಟರ್‌ಸೈಕಲ್ಲಿನದರಿಂದ ಒಂದು ಬಂತು. ಅವು ಒಂದೇ ಅಳತೆಯವಾಗಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆಕೆ ಕುಂಟೆಯನ್ನು ಸಾಲುಗಳ ನಡುವೆ ಇರಿಸಿ, ಅಲಗುಗಳನ್ನು ಕಾಲಿನಿಂದ ಒತ್ತಿ ತನಗೆ ಬೇಕಾದಲ್ಲಿ ನಿಲ್ಲಿಸಿದಳು. ಉಸ್ತಾದರು ಬಿಗಿದರು, ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟರು. ಬಣ್ಣದ ಹಾಳೆಯಲ್ಲಿ ನಾನು ಬರೆದ, ಅಗಲ ಹೆಚ್ಚುಕಡಿಮೆ ಮಾಡಬಹುದಾದ ಮೊದಲ ಎಡೆಕುಂಟೆ ತಯಾರಾದದ್ದು ಹೀಗೆ.

ಎತ್ತು ಹೂಡಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎರಡೂ ಕ್ಲ್ಯಾಂಪು ಜಾರಿದವು. ಎರಡೂ ತುದಿಯನ್ನು ಯಾರಾದರೂ ಕೈಯಿಂದ ಒತ್ತಿ ಹಿಡಿದೇ ನಡೆಯಬೇಕು. ಆಕೆ ಎತ್ತುಗಳ ಮುಂದೆ ಹಗ್ಗ ಹಿಡಿದಿದ್ದಳು. ನಾನು ಒಂದು ತುದಿಗೆ ಹೋದೆ, ನನ್ನ ಭಾರ ಸಾಲಲಿಲ್ಲ. ಆಕೆ ತಿರುಗಿ ಅಪ್ಪನನ್ನೂ ಕಾಕಾನನ್ನೂ ನೋಡಿದಳು. ಇಬ್ಬರೂ ಚಪ್ಪಲಿ ಬಿಟ್ಟು ಬಂದರು.

ಬಗ್ಗಿ, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಒತ್ತಿ ಹಿಡಿದು ಅವರು ಹೊಲದ ಆಚೆ ತುದಿಯ ಕಡೆ ನಡೆದರು. ನಾನು ಈಚೆ ಬದುವಿನ ಮೇಲೆ ಉಳಿದೆ. ಅರ್ಧ ದಾರಿಯಲ್ಲಿ ಕುಂಟೆ ವಾಲಿತು. ಆಗ ಅಪ್ಪನ ದನಿ ಕೇಳಿಸಿತು: "ಈಚಿ ಸರಿ." ಆಮೇಲೆ ಕಾಕಾನ ದನಿ: "ಸರದೀನಿ." ನಡುವೆ ನಾನಿರಲಿಲ್ಲ.

ಅವರು ತಿರುಗಿ ಬಂದಾಗ, ನೀವಿಬ್ಬರೂ ಮಾತಾಡಿದಿರಿ ಎಂದೆ. ಅಪ್ಪ ಬೆವರು ಒರೆಸಿಕೊಂಡು, "ನಾ ಎತ್ತಿಗೆ ಅಂದೆ," ಅಂದ.

"ಮತ್ತ ಸರದೀನಿ ಅಂದವರು ಯಾರು?"

"ಎತ್ತಿಗೆ ಬಾಯಿಲ್ಲ," ಅಂದ ಕಾಕಾ. "ಅದರ ಪರವಾಗಿ ನಾ ಅಂದೆ."

ಆಕೆ ಅಷ್ಟರಲ್ಲಿ ಬಗ್ಗಿ, ಬಂದ ದಾರಿಯನ್ನು ನೋಡುತ್ತಿದ್ದಳು. ಕಳೆ ಮಗುಚಿ ಬಿದ್ದಿತ್ತು. ಒಂದೆರಡು ಕಡೆ ಬಿಟ್ಟರೆ ನಾಲ್ಕೂ ಸಾಲು ಉದ್ದು ನಿಂತಿತ್ತು. ಆಕೆ ಒಂದು ಸಸಿಯ ಬುಡಕ್ಕೆ ಮಣ್ಣು ಒತ್ತಿ ಎದ್ದಳು, ಮೋಡ ನೋಡಿದಳು, ಹಗ್ಗ ಜಗ್ಗಿ ಎತ್ತುಗಳನ್ನು ಮುಂದಿನ ಸಾಲಿಗೆ ತಿರುಗಿಸಿದಳು.

"ಯಾರಿಗರೆ ಅನ್ರಿ, ಯಾರ ಪರವಾಗಿ ಅರೆ ಅನ್ರಿ. ಇನ್ನ ಆರು ಎಕರೆ ಹಂಗೇ ಅದ. ಹಿಡೀರಿ."

ಅವರು ಹಿಡಿದರು.